ದೋಸೆ ತಿಂದು ಹೋದ ಮೇಲೆ ಏನಾಯಿತು?

ಚುನಾವಣೆ ಹತ್ತಿರ ಬಂದರೆ ಬೆಂಗಳೂರಿನಲ್ಲಿ ಕೆಲವು ದೃಶ್ಯ ಖಾಯಂ. ಅಭ್ಯರ್ಥಿ ಆಟೋ ಸ್ಟ್ಯಾಂಡಿನಲ್ಲಿ ನಿಂತು ಡ್ರೈವರ್ ಜೊತೆ ಬೈ-ಟು ಟೀ ಕುಡಿಯುತ್ತಾರೆ. ಇಸ್ತ್ರಿ ಅಂಗಡಿಯಲ್ಲಿ ಪೆಟ್ಟಿಗೆ ಹಿಡಿದು ಯಾರದೋ ಶರ್ಟು ಉಜ್ಜುತ್ತಾರೆ. ಹೂವಿನಮ್ಮನ ಹತ್ತಿರ ಎರಡು ಮೊಳ ಮಲ್ಲಿಗೆ ತಗೊಂಡು ‘ಚಿಲ್ಲರೆ ಇಟ್ಕೊಳ್ಳಮ್ಮ’ ಅನ್ನುತ್ತಾರೆ (ನೀತಿ ಸಂಹಿತೆ ಜಾರಿಯಲ್ಲಿದೆ ಅನ್ನೋದು ಆ ಕ್ಷಣಕ್ಕೆ ಯಾರಿಗೂ ನೆನಪಿರುವುದಿಲ್ಲ). ಹಿಂದೆ ನಾಲ್ಕು ಹುಡುಗರು ಮೊಬೈಲ್ ಎತ್ತಿ ಹಿಡಿದು ರೀಲ್ಸ್ ಮಾಡುತ್ತಿರುತ್ತಾರೆ.

ಇದನ್ನು ನೋಡಿ ನಗೋದು ಸುಲಭ. ಆದರೆ ನಕ್ಕು ಸುಮ್ಮನಾದರೆ, ಹೀಗೆ ಕೇಳಿಸಿಕೊಂಡ ಮಾತು ಆಮೇಲೆ ಎಲ್ಲಿಗೆ ಹೋಯಿತು ಅಂತ ಯಾರೂ ಹುಡುಕುವುದಿಲ್ಲ. ಅದನ್ನು ಹುಡುಕಲು ಬೆಂಗಳೂರಿನಲ್ಲೇ ಒಳ್ಳೆಯ ಉದಾಹರಣೆ ಇದೆ.

2023ರ ಮೇ 7. ವಿಧಾನಸಭೆ ಚುನಾವಣೆಗೆ ಮೂರೇ ದಿನ ಬಾಕಿ. ರಾಹುಲ್ ಗಾಂಧಿ ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್ ಹೋಟೆಲಿನಲ್ಲಿ ಡೆಲಿವರಿ ಹುಡುಗರ ಜೊತೆ ಕೂತು ಮಸಾಲೆ ದೋಸೆ ತಿಂದರು, ಕಾಫಿ ಕುಡಿದರು, ಆಮೇಲೆ ಒಬ್ಬ ರೈಡರ್‌ನ ಸ್ಕೂಟರ್ ಹಿಂದೆ ಕೂತು ಹೋದರು. ಮರುದಿನ ಬಿಎಂಟಿಸಿ ಬಸ್ ಹತ್ತಿ ಹೆಂಗಸರ ಜೊತೆ ಮಾತಾಡಿದರು. ಅವರೇನು ಇಲ್ಲಿನ ಅಭ್ಯರ್ಥಿ ಅಲ್ಲ, ಪಕ್ಷದ ಪ್ರಚಾರಕ್ಕೆ ಬಂದವರು. ಆದರೂ ದುಡಿಯುವವರ ಹತ್ತಿರ ಹೋಗಿ ಕೇಳುವುದು ಅಂದಾಗ ಬೆಂಗಳೂರಿನವರಿಗೆ ಮೊದಲು ನೆನಪಾಗೋದು ಆ ಫೋಟೋನೇ.

ಅಲ್ಲಿಂದ ಮುಂದೆ ಏನಾಯಿತು? 2023ರ ಜುಲೈ ಬಜೆಟ್‌ನಲ್ಲಿ ಗಿಗ್ ಕಾರ್ಮಿಕರಿಗೆ (ಆ್ಯಪ್ ಮೂಲಕ ಡೆಲಿವರಿ, ಕ್ಯಾಬ್ ಥರದ ಕೆಲಸ ಮಾಡುವವರಿಗೆ) ಒಟ್ಟು 4 ಲಕ್ಷ ರೂಪಾಯಿಯ ವಿಮೆ ಘೋಷಣೆಯಾಯಿತು. 2 ಲಕ್ಷ ಜೀವವಿಮೆ, 2 ಲಕ್ಷ ಅಪಘಾತ ವಿಮೆ, ಪ್ರೀಮಿಯಂ ಸರ್ಕಾರದ್ದು. 2024ರ ಜೂನ್ ಕೊನೆಗೆ ಕರಡು ಮಸೂದೆ ಹೊರಬಂತು. ಕಂಪನಿಗಳು ತಕರಾರು ಎತ್ತಿದವು. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ, ಸೆಪ್ಟೆಂಬರ್‌ನಲ್ಲಿ ಕಾಯ್ದೆ. ಒಂದು ಕಲ್ಯಾಣ ಮಂಡಳಿ. ಪ್ರತಿ ಆರ್ಡರ್, ಪ್ರತಿ ರೈಡಿಗೆ ಕಾರ್ಮಿಕರಿಗೆ ಸಿಗುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಂಪನಿಗಳು ಕಟ್ಟಬೇಕಾದ ಶುಲ್ಕ. ಐಡಿ ಬ್ಲಾಕ್ ಮಾಡಿ ಕೆಲಸದಿಂದ ತೆಗೆಯುವ ಮುಂಚೆ ಕಾರಣ ಹೇಳಿ 14 ದಿನದ ನೋಟಿಸ್.

ಅಂದರೆ ದೋಸೆಯಿಂದ ಕಾಯ್ದೆಗೆ ಎರಡು ವರ್ಷ ನಾಲ್ಕು ತಿಂಗಳು. ನಮ್ಮ ರಾಜಕೀಯದ ಲೆಕ್ಕದಲ್ಲಿ ಇದು ನಿಧಾನವೇನಲ್ಲ. ಎಷ್ಟೋ ಆಶ್ವಾಸನೆಗಳು ಸುಗ್ರೀವಾಜ್ಞೆಯ ಹಂತಕ್ಕೂ ಬರುವುದಿಲ್ಲ.

ಆದರೆ ಒಂದು ವಿಷಯ ದಾರಿಯಲ್ಲೇ ಉದುರಿಹೋಯಿತು. ಸಿಗ್ನಲ್‌ನಲ್ಲೋ ಹೋಟೆಲ್ ಮುಂದೋ ಆರ್ಡರ್‌ಗೆ ಕಾಯುತ್ತಾ ನಿಂತಿರುವ ಯಾವ ರೈಡರ್‌ನ ಮಾತಿಗೆಳೆದರೂ ಮೊದಲು ಬರುವುದು ರೇಟು. ಹೋದ ವರ್ಷ ಇಷ್ಟು ಕೊಡುತ್ತಿದ್ದರು, ಈಗ ಕಡಿಮೆ ಮಾಡಿದ್ದಾರೆ. ಇನ್ಸೆಂಟಿವ್ ಸಿಗಬೇಕಂದರೆ ರಾತ್ರಿ ಹನ್ನೊಂದರವರೆಗೂ ಲಾಗಿನ್ ಇರಬೇಕು. ಕೊನೇ ಎರಡು ಆರ್ಡರ್ ಬೇಕಾದಾಗಲೇ ಆ್ಯಪ್ ಸುಮ್ಮನಾಗುತ್ತದೆ. ಪ್ರಚಾರದ ದಿನಗಳಲ್ಲಿ ಗಂಟೆಗೆ ಇಷ್ಟು ಅಂತ ಕನಿಷ್ಠ ಆದಾಯದ ಮಾತೂ ಬಂದಿತ್ತು. ಕಾಯ್ದೆ ಮಾತ್ರ ಸಾಮಾಜಿಕ ಭದ್ರತೆಯ ಸುತ್ತ ನಿಂತಿತು. ಎಷ್ಟು ಕೊಡಬೇಕು ಅನ್ನುವುದು ಕಂಪನಿಯ ಕೈಯಲ್ಲೇ ಉಳಿಯಿತು. ರೈಡರ್ ಸತ್ತರೆ, ಕಾಲು ಮುರಿದರೆ ಏನು ಅನ್ನುವುದಕ್ಕೆ ಉತ್ತರ ಸಿಕ್ಕಿತು. ದಿನಾ ಬೆಳಗ್ಗೆ ಎದ್ದು ಪೆಟ್ರೋಲ್ ಹಾಕಿಸಿ ಹೊರಟರೆ ಸಂಜೆಗೆ ಎಷ್ಟು ಉಳಿಯುತ್ತದೆ ಅನ್ನುವುದಕ್ಕೆ ಸಿಗಲಿಲ್ಲ.

ನನಗೆ ಕಾಣುವಂತೆ ಇದು ಬರೀ ಗಿಗ್ ಕಾಯ್ದೆಯ ಕಥೆಯಲ್ಲ. ಪ್ರಚಾರದಲ್ಲಿ ಹತ್ತು ಮಾತು ಕೇಳಿದರೆ, ಆ ಹತ್ತರಲ್ಲಿ ಸರ್ಕಾರಕ್ಕೆ ಯಾವುದು ಕಡಿಮೆ ಜಗಳದ್ದೋ ಅದು ಕಾಗದಕ್ಕೆ ಬರುತ್ತದೆ. ಯಾವುದರಲ್ಲಿ ದುಡ್ಡು ಕೊಡುವವರ ಜೊತೆ ನೇರ ಗುದ್ದಾಟ ಇದೆಯೋ ಅದು ‘ಮುಂದೆ ನೋಡೋಣ’ ಪಟ್ಟಿಗೆ ಸೇರುತ್ತದೆ.

ಇನ್ನೊಂದು ವಿಷಯ. ಆ ಹೋಟೆಲಿನಲ್ಲಿ ಕೂತು ಕೇಳಿದ್ದರಿಂದಲೇ ಕಾಯ್ದೆ ಹುಟ್ಟಿತಾ? ಖಂಡಿತ ಇಲ್ಲ. ಗಿಗ್ ಕಾರ್ಮಿಕರ ಸಂಘಗಳು ಅದಕ್ಕೂ ಮುಂಚಿನಿಂದ ಮನವಿ ಕೊಡುತ್ತಲೇ ಇದ್ದವು. ಪಕ್ಷದ ಪ್ರಣಾಳಿಕೆ ಬಿಡುಗಡೆಯಾಗಿದ್ದೇ ಮೇ 2ಕ್ಕೆ, ದೋಸೆ ತಿಂದದ್ದು 7ಕ್ಕೆ. ಬಸ್ಸಿನಲ್ಲಿ ಹೆಂಗಸರ ಜೊತೆ ಮಾತಾಡಿದಾಗಲೂ ಅಷ್ಟೇ, ಉಚಿತ ಪ್ರಯಾಣದ ಗ್ಯಾರಂಟಿ ಅಷ್ಟರಲ್ಲಿ ಘೋಷಣೆಯಾಗಿತ್ತು. ಶಕ್ತಿ ಯೋಜನೆ ಅದೇ ಜೂನ್ 11ಕ್ಕೆ ಶುರುವಾಯಿತು. ಇನ್ನೂ ಹಿಂದೆ ಹೋದರೆ ಮಜಾ ಇದೆ. ಕಾಂಗ್ರೆಸ್‌ನ ಪ್ರಜಾಧ್ವನಿ ಯಾತ್ರೆ 2023ರ ಜನವರಿ 11ಕ್ಕೆ ಬೆಳಗಾವಿ ಜಿಲ್ಲೆಯಲ್ಲಿ ಹೊರಟಿತು. ಜನರ ಧ್ವನಿ ಕೇಳುವ ಯಾತ್ರೆ ಅಂತಲೇ ಹೆಸರು. 200 ಯೂನಿಟ್ ಉಚಿತ ಕರೆಂಟಿನ ಭರವಸೆ ಘೋಷಣೆಯಾಗಿದ್ದು ಅದೇ ಮೊದಲನೇ ದಿನ. ಧ್ವನಿ ಕೇಳುವ ಮುಂಚೆಯೇ ಉತ್ತರ ರೆಡಿ ಇತ್ತು!

ಇದರಲ್ಲಿ ಮೋಸ ಏನೂ ಇಲ್ಲ. ಪಕ್ಷಗಳು ಸರ್ವೆ ಮಾಡಿಸುತ್ತವೆ, ಬೂತ್ ಮಟ್ಟದಿಂದ ವರದಿ ತರಿಸುತ್ತವೆ, ಸಂಘಟನೆಗಳ ಮನವಿ ಪತ್ರ ಓದುತ್ತವೆ. ವಿಷಯ ಗೊತ್ತಾಗುವುದು ಅಲ್ಲಿಂದ. ಕ್ಯಾಮೆರಾ ಮುಂದೆ ಕೂತು ಕೇಳುವುದರ ಉಪಯೋಗ ಬೇರೆ. ಅದು ಸಾಕ್ಷಿ. ಆ ವಿಡಿಯೋ ಇದೆ, ದಿನಾಂಕ ಇದೆ, ಯಾರು ಏನು ಅಂದರು ಅನ್ನುವುದು ಇದೆ. ಮುಂದೆ ಮಸೂದೆ ತಡವಾದಾಗ ಸಂಘದವರು ಅದನ್ನೇ ಎತ್ತಿ ತೋರಿಸಬಹುದು. ಅದಕ್ಕೇ ಫೋಟೋಗೆ ಬಂದವರು ಅಂತ ಬೈದು ಕಳಿಸುವುದಕ್ಕಿಂತ, ಫೋಟೋ ತೆಗೆಯುವಾಗ ಬಾಯಿಬಿಟ್ಟು ಏನು ಹೇಳಿದರು ಅನ್ನುವುದನ್ನು ನಾವೂ ರೆಕಾರ್ಡ್ ಮಾಡಿಕೊಳ್ಳುವುದು ವಾಸಿ.

ಕರ್ನಾಟಕಕ್ಕೆ ಈ ಪದ್ಧತಿ ಹೊಸದೇನಲ್ಲ. 2006ರಲ್ಲಿ ಮುಖ್ಯಮಂತ್ರಿಯಾದ ಎಚ್.ಡಿ. ಕುಮಾರಸ್ವಾಮಿ ಗ್ರಾಮ ವಾಸ್ತವ್ಯ ಶುರು ಮಾಡಿ ಹಳ್ಳಿಗಳ ಮನೆಗಳಲ್ಲಿ ರಾತ್ರಿ ಉಳಿದರು. 2019ರಲ್ಲಿ ಮತ್ತೆ ಅದನ್ನೇ ಶುರು ಮಾಡಿದಾಗ ಯಾದಗಿರಿ ಜಿಲ್ಲೆಯ ಚಂಡರಕಿಯಲ್ಲಿ ಉಳಿದದ್ದು ಸರ್ಕಾರಿ ಶಾಲೆಯಲ್ಲಿ. ಅರ್ಜಿಗಳು ಸಾವಿರಾರು ಬಂದವು. ಅಧಿಕಾರದಲ್ಲಿರುವವರು ಹೋದರೆ ಹಿಂದೆಯೇ ಇಡೀ ಇಲಾಖೆ ಹೋಗುತ್ತದೆ, ಸುಣ್ಣ ಬಣ್ಣ ಆಗುತ್ತದೆ, ಅರ್ಜಿ ಮೇಲೆ ಅಲ್ಲೇ ಸಹಿ ಬೀಳುತ್ತದೆ. ಅಭ್ಯರ್ಥಿಗೆ ಆ ಬಲ ಇಲ್ಲ. ಅವರ ಹತ್ತಿರ ಇರುವುದು ಕಿವಿ ಮತ್ತು ಒಂದು ನೋಟ್ ಪುಸ್ತಕ. ಸಾಮಾನ್ಯವಾಗಿ ಆ ಪುಸ್ತಕವೂ ಪಿಎ ಕೈಯಲ್ಲಿರುತ್ತದೆ.

ಈಗ ಬೆಂಗಳೂರಿನ ವಿಷಯಕ್ಕೆ ಬರೋಣ. ಇಲ್ಲಿ ಯಾವ ಹೊತ್ತಿಗೆ, ಎಲ್ಲಿ ನಿಂತು ಕೇಳುತ್ತೀರಿ ಅನ್ನುವುದರ ಮೇಲೆ ಯಾರು ಮಾತಾಡುತ್ತಾರೆ ಅನ್ನುವುದು ನಿಂತಿದೆ. 2025ರ ಅಕ್ಟೋಬರ್‌ನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಬೆಳಗ್ಗೆ ಬೆಳಗ್ಗೆ ಲಾಲ್‌ಬಾಗ್ ಮತ್ತೆ ಬೇರೆ ಪಾರ್ಕುಗಳಲ್ಲಿ ನಡೆಯುತ್ತಾ ಜನರ ದೂರು ಕೇಳಿದರು. ಒಳ್ಳೆಯದೇ. ಆದರೆ ಬೆಳಗ್ಗೆ ಪಾರ್ಕಿನಲ್ಲಿ ಯಾರಿರುತ್ತಾರೆ? ವಾಕಿಂಗ್‌ಗೆ ಪುರುಸೊತ್ತು ಇರುವವರು. ಅದೇ ಹೊತ್ತಿಗೆ ಪೌರಕಾರ್ಮಿಕರು ಮಸ್ಟರಿಂಗ್ (ಹಾಜರಿ) ಮುಗಿಸಿ ಪೊರಕೆ ಹಿಡಿದು ರಸ್ತೆಯಲ್ಲಿರುತ್ತಾರೆ. ಗಾರೆ ಕೆಲಸದವರು ಊಟದ ಡಬ್ಬಿ ಹಿಡಿದು ಲೇಬರ್ ಅಡ್ಡದಲ್ಲಿ ಮೇಸ್ತ್ರಿಗೆ ಕಾಯುತ್ತಿರುತ್ತಾರೆ. ಮನೆಕೆಲಸದ ಅಕ್ಕಂದಿರು ಮೊದಲನೇ ಮನೆಯ ಪಾತ್ರೆ ಮುಗಿಸಿ ಎರಡನೇ ಮನೆಗೆ ಓಡುತ್ತಿರುತ್ತಾರೆ. ಪಾರ್ಕಿನಲ್ಲಿ ಫುಟ್‌ಪಾತ್, ನಾಯಿ, ಪಾರ್ಕಿಂಗ್, ಖಾತಾ ವಿಷಯ ಬರುತ್ತದೆ. ಅಡ್ಡದಲ್ಲಿ ಕೇಳಿದರೆ ಹೋದ ವಾರದ ಬಟವಾಡೆ ಇನ್ನೂ ಬಂದಿಲ್ಲ ಅನ್ನುವುದು ಬರುತ್ತದೆ. ಎರಡೂ ಬೆಂಗಳೂರಿನ ಸಮಸ್ಯೆಯೇ.

ಹಾಗಂತ ಗಾರ್ಮೆಂಟ್ಸ್ ಗೇಟಿಗೆ ಹೋಗಿಬಿಟ್ಟರೆ ಎಲ್ಲ ಗೊತ್ತಾಗುತ್ತದೆ ಅಂದುಕೊಳ್ಳಬೇಡಿ. ಸಂಜೆ ಐದೂವರೆ ಆರು ಗಂಟೆಗೆ ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಫ್ಯಾಕ್ಟರಿ ಬಿಡುವ ಹೊತ್ತನ್ನು ಗಮನಿಸಿ. ಹೆಂಗಸರು ಗೇಟಿನಿಂದ ನಡೆದುಕೊಂಡು ಬರುವುದಿಲ್ಲ, ಹೆಚ್ಚುಕಡಿಮೆ ಓಡಿಕೊಂಡೇ ಬರುತ್ತಾರೆ. ಹೊರಗೆ ಟೆಂಪೋ ಕಾಯುತ್ತಿರುತ್ತದೆ, ತಪ್ಪಿದರೆ ಬಸ್ಸು, ಬಸ್ಸೂ ತಪ್ಪಿದರೆ ಮಗು ಪಕ್ಕದ ಮನೆಯವರ ಹತ್ತಿರ ಇನ್ನೊಂದು ಗಂಟೆ ಇರಬೇಕು, ಅವರ ಮುಖ ಊದಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಶಾಲು ಹಾಕಿಕೊಂಡವರು ಒಬ್ಬರು ಅಡ್ಡ ನಿಂತು ‘ಏನಮ್ಮ, ಚೆನ್ನಾಗಿದೀರಾ, ಏನಾದ್ರೂ ತೊಂದರೆ ಇದ್ಯಾ?’ ಅಂದರೆ ಏನು ಉತ್ತರ ಬರುತ್ತದೆ? ‘ಏನಿಲ್ಲ ಅಣ್ಣ, ಎಲ್ಲ ಚೆನ್ನಾಗಿದೆ.’ ಗೇಟಿನ ಪಕ್ಕ ಸೆಕ್ಯೂರಿಟಿ ಇರುತ್ತಾರೆ, ಸೂಪರ್‌ವೈಸರ್ ಬೈಕು ಸ್ಟಾರ್ಟ್ ಮಾಡುತ್ತಾ ಅಲ್ಲೇ ಇರುತ್ತಾರೆ. ಟಾರ್ಗೆಟ್ ಮುಟ್ಟದಿದ್ದರೆ ಲೈನಿನಲ್ಲಿ ಎಲ್ಲರ ಮುಂದೆ ಎಂಥ ಮಾತು ಬರುತ್ತದೆ, ಬಾತ್‌ರೂಮಿಗೆ ಹೋಗಿ ಬಂದರೆ ಯಾರು ಗಡಿಯಾರ ನೋಡುತ್ತಾರೆ ಅನ್ನುವುದನ್ನು ಅಲ್ಲಿ ನಿಂತು ಯಾರು ಹೇಳುತ್ತಾರೆ?

ಅದೇ ಹೆಂಗಸು ಭಾನುವಾರ ಹನ್ನೊಂದು ಗಂಟೆಗೆ ವಠಾರದ ನಲ್ಲಿ ಹತ್ತಿರ ಬಟ್ಟೆ ಒಗೆಯುತ್ತಾ ಸಿಕ್ಕರೆ, ಅಭ್ಯರ್ಥಿ ಜೊತೆ ಗಂಡಸರ ಗುಂಪು ಇಲ್ಲದಿದ್ದರೆ, ಮಾತು ಬೇರೆ ಥರ ಇರುತ್ತದೆ. ಅರ್ಧ ಗಂಟೆ ನಿಲ್ಲುವ ತಾಳ್ಮೆ ಇರಬೇಕು ಅಷ್ಟೆ. ರೋಡ್ ಶೋಗೆ ಬರುವ ದುಡ್ಡಿನಲ್ಲಿ ಇಂಥ ಎಷ್ಟು ಭಾನುವಾರ ಆಗುತ್ತದೋ ನೀವೇ ಲೆಕ್ಕ ಹಾಕಿ. ವಿಧಾನಸಭೆ ಅಭ್ಯರ್ಥಿಯೊಬ್ಬರು 40 ಲಕ್ಷದವರೆಗೆ ಖರ್ಚು ಮಾಡಬಹುದು ಅಂತ ನಿಯಮವೇ ಇದೆ. ನಿಜವಾದ ಖರ್ಚಿನ ವಿಷಯ ಬಿಡಿ.

ಕೇಳದಿದ್ದರೆ ಏನಾಗುತ್ತದೆ ಅನ್ನುವುದನ್ನೂ ಬೆಂಗಳೂರು ಒಂದು ಸಲ ನೋಡಿದೆ. 2016ರ ಏಪ್ರಿಲ್ 18 ಮತ್ತು 19. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತ್ತು. ಕೆಲಸ ಬಿಟ್ಟರೂ ಕಂಪನಿ ಕಟ್ಟಿದ ಪಾಲು 58 ವರ್ಷ ಆಗುವವರೆಗೆ ಕೈಗೆ ಬರುವುದಿಲ್ಲ ಅನ್ನುವುದು ಅದರ ಸಾರ. ದಿಲ್ಲಿಯಲ್ಲಿ ಕೂತವರಿಗೆ ಇದು ಒಳ್ಳೆಯ ಉದ್ದೇಶದ್ದೇ, ಮುಪ್ಪಿನ ಕಾಲಕ್ಕೆ ದುಡ್ಡು ಉಳಿಯಲಿ ಅಂತ. ಆದರೆ ಗಾರ್ಮೆಂಟ್ಸ್‌ನಲ್ಲಿ 58 ವರ್ಷದವರೆಗೆ ಮಿಷಿನ್ ಮೇಲೆ ಕೂರುವವರು ಎಷ್ಟು ಜನ? ಕಣ್ಣು, ಬೆನ್ನು ಸೋತು ನಲವತ್ತರ ಆಸುಪಾಸಿಗೇ ಎಷ್ಟೋ ಜನ ಬಿಡುತ್ತಾರೆ. ಅವರಿಗೆ ಪಿಎಫ್ ಅನ್ನುವುದು ಪೆನ್ಷನ್ ಆಗಿರಲಿಲ್ಲ, ಚೀಟಿ ಹಣದ ಹಾಗೆ. ನಾಲ್ಕೈದು ವರ್ಷ ದುಡಿದು, ಕೆಲಸ ಬಿಟ್ಟು, ಆ ಗಂಟು ತೆಗೆದು ಮಗಳ ಕಾಲೇಜು ಫೀಸೋ, ಮದುವೆ ಸಾಲವೋ ತೀರಿಸಿ, ಮತ್ತೆ ಬೇರೆ ಫ್ಯಾಕ್ಟರಿ ಸೇರುವುದು.

ಸುದ್ದಿ ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ಹಬ್ಬಿತು. ಸಾವಿರಾರು ಹೆಂಗಸರು ಮಿಷಿನ್ ಬಿಟ್ಟು ಎದ್ದು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಬಂದರು. ಯಾವ ಪಕ್ಷವೂ ಕರೆದಿರಲಿಲ್ಲ. ದೊಡ್ಡ ಯೂನಿಯನ್‌ಗಳು ಕರೆ ಕೊಟ್ಟು ಆದದ್ದೂ ಅಲ್ಲ. ಎರಡನೇ ದಿನ ಕಲ್ಲು ತೂರಾಟ, ಲಾಠಿ, ಬಸ್ಸುಗಳಿಗೆ ಬೆಂಕಿ, ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ದಾಳಿ ಎಲ್ಲ ಆಯಿತು. ಅದೇ ದಿನ ಸಂಜೆಯ ಹೊತ್ತಿಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮ ವಾಪಸ್ ತೆಗೆದುಕೊಳ್ಳುವುದಾಗಿ ಹೇಳಿದರು.

ನನಗೆ ಇದರಲ್ಲಿ ಕಾಡುವುದು ಗಲಾಟೆಗಿಂತ ಅದಕ್ಕೆ ಮುಂಚಿನ ಎರಡು ತಿಂಗಳು. ಆಗ ಬೆಂಗಳೂರಿಗೆ ಸಂಸದರಿದ್ದರು, ಶಾಸಕರಿದ್ದರು, ಒಂದು ವರ್ಷವೂ ಆಗದ ಹೊಸ ಕಾರ್ಪೊರೇಟರ್‌ಗಳಿದ್ದರು. ಬಿಬಿಎಂಪಿ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, ಅಂದರೆ ಎಂಟು ತಿಂಗಳ ಹಿಂದೆ ಎಲ್ಲ ಪಕ್ಷದವರೂ ಇವೇ ಹೆಂಗಸರ ಮನೆ ಬಾಗಿಲು ತಟ್ಟಿದ್ದರು. ಲಕ್ಷಗಟ್ಟಲೆ ಜನರ ಉಳಿತಾಯಕ್ಕೆ ಕೈ ಹಾಕುವ ನಿಯಮ ಬರುತ್ತಿದೆ, ಇದು ಇಲ್ಲಿ ಹೊತ್ತಿಕೊಳ್ಳುತ್ತದೆ ಅಂತ ದಿಲ್ಲಿಗೆ ಜೋರಾಗಿ ಹೇಳುವವರು ಅಷ್ಟು ಜನರಲ್ಲಿ ಕಾಣಲಿಲ್ಲ.

ಯಾಕೆ ಅಂದರೆ, ಕೇಳುವುದರಿಂದ ಅಭ್ಯರ್ಥಿಗೆ ಸಿಗುವ ಲಾಭ ಕಡಿಮೆ. ಇದನ್ನು ಕಠಿಣವಾಗಿ ಹೇಳಬೇಕಂದರೆ, ಬೆಂಗಳೂರಿನಲ್ಲಿ ದುಡಿಯುವ ಎಷ್ಟೋ ಜನರ ವೋಟು ಬೆಂಗಳೂರಿನಲ್ಲಿಲ್ಲ. ಕಟ್ಟಡ ಕೆಲಸಕ್ಕೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರ ಹೆಸರು ಊರಿನ ಪಟ್ಟಿಯಲ್ಲೇ ಇರುತ್ತದೆ. ಒಡಿಶಾ, ಜಾರ್ಖಂಡ್, ಬಿಹಾರದಿಂದ ಬಂದು ಗಾರ್ಮೆಂಟ್ಸ್, ಹೋಟೆಲ್, ಸೆಕ್ಯೂರಿಟಿ ಕೆಲಸದಲ್ಲಿರುವವರದ್ದು ಇನ್ನೂ ದೂರ. ಕಾನೂನು ಹೇಳುವುದು ನೀವು ಸಾಮಾನ್ಯವಾಗಿ ವಾಸ ಇರುವ ಕಡೆ ನಿಮ್ಮ ಹೆಸರಿರಬೇಕು ಅಂತ. ಬದಲಾಯಿಸಲು ಫಾರಂ 8 ಇದೆ. ವಿಳಾಸದ ದಾಖಲೆಗೆ ಕರೆಂಟ್ ಬಿಲ್, ಗ್ಯಾಸ್ ಬಿಲ್, ನೋಂದಣಿಯಾದ ಬಾಡಿಗೆ ಕರಾರು ಇಂಥವು ಬೇಕು. ಕರೆಂಟ್ ಬಿಲ್ ಓನರ್ ಹೆಸರಿನಲ್ಲಿರುತ್ತದೆ, ಕರಾರನ್ನು ನೋಂದಣಿ ಮಾಡಿಸುವ ಓನರ್‌ಗಳು ಬಲು ಅಪರೂಪ, ಎರಡು ವರ್ಷಕ್ಕೊಮ್ಮೆ ಮನೆ ಬದಲಾಗುತ್ತದೆ. ಇಷ್ಟೆಲ್ಲ ಮಾಡುವ ಬದಲು ಊರಿನಲ್ಲೇ ಇರಲಿ, ಹಬ್ಬದ ಜೊತೆ ಬಂದರೆ ವೋಟು ಹಾಕಿ ಬರೋಣ ಅನ್ನುತ್ತಾರೆ. ತಪ್ಪೇನಿಲ್ಲ. ಜಮೀನು, ರೇಷನ್ ಕಾರ್ಡು, ಅಪ್ಪ ಅಮ್ಮ ಎಲ್ಲ ಅಲ್ಲೇ ಇರುವಾಗ ವೋಟನ್ನು ಮಾತ್ರ ಕಿತ್ತು ಇಲ್ಲಿಗೆ ತರುವುದು ಯಾಕೆ ಅಂತ ಅವರ ಲೆಕ್ಕ.

ಹೆಸರು ಇದ್ದವರೂ ಬರುವುದು ಕಡಿಮೆ. 2023ರಲ್ಲಿ ರಾಜ್ಯದ ಮತದಾನ ಶೇ. 73 ದಾಟಿದಾಗ ಬೆಂಗಳೂರು ನಗರದಲ್ಲಿ ಶೇ. 55ರ ಆಸುಪಾಸಿನಲ್ಲೇ ನಿಂತಿತ್ತು. 2024ರ ಲೋಕಸಭೆಯಲ್ಲೂ ನಗರದ ಮೂರು ಕ್ಷೇತ್ರಗಳು ಶೇ. 53–54ರಲ್ಲೇ ಉಳಿದವು. ಇದಕ್ಕೆಲ್ಲ ಟೆಕ್ಕಿಗಳು ಲಾಂಗ್ ವೀಕೆಂಡ್‌ಗೆ ಹೋದರು ಅಂತ ಬೈಯುವುದು ನಮ್ಮ ಅಭ್ಯಾಸ. ಪಟ್ಟಿಯಲ್ಲಿ ಹೆಸರಿದ್ದೂ ಮನೆ ಬಿಟ್ಟು ಹೋದವರು, ಸತ್ತವರು, ಎರಡು ಕಡೆ ಹೆಸರಿರುವವರು, ರಜೆ ಸಿಗದವರು ಇವರನ್ನೆಲ್ಲ ಬೇರ್ಪಡಿಸಿ ನೋಡಿದರೆ ಚಿತ್ರ ಬೇರೆಯೇ ಕಾಣಬಹುದು.

ಹೀಗಿರುವಾಗ ಅಭ್ಯರ್ಥಿ ಏನು ಮಾಡುತ್ತಾರೆ? ಮತದಾರರ ಪಟ್ಟಿ ಹಿಡಿದು ಹೊರಡುತ್ತಾರೆ. ಪಟ್ಟಿಯಲ್ಲಿ ಇಲ್ಲದವರ ಮನೆ ದಾಟಿ ಮುಂದೆ ಹೋಗುತ್ತಾರೆ. ಒಂದು ಶೆಡ್ಡಿನಲ್ಲಿ ಇಪ್ಪತ್ತು ಜನ ಇದ್ದರೂ ಒಂದೂ ವೋಟಿಲ್ಲ ಅಂದರೆ ಕಾರ್ಯಕರ್ತರು ‘ಬನ್ನಿ ಅಣ್ಣ, ಇಲ್ಲೇನೂ ಇಲ್ಲ’ ಅನ್ನುತ್ತಾರೆ. ಅವರ ಕಷ್ಟವನ್ನು ಊರಿನ ಶಾಸಕರು ಕೇಳಬೇಕಾ? ಅವರಿಗೆ ಬೆಂಗಳೂರಿನ ಲೇಬರ್ ಶೆಡ್ಡಿನಲ್ಲಿ ಏನೂ ಮಾಡುವ ಅಧಿಕಾರ ಇಲ್ಲ. ಕೆಲಸದ ಜಾಗದ ತೊಂದರೆಗೆ ಓಟಿನ ಜಾಗದಲ್ಲಿ ಮದ್ದಿಲ್ಲ.

ಇದಕ್ಕೇ ವಾರ್ಡ್ ಮಟ್ಟದ ಚುನಾವಣೆ ಮುಖ್ಯ ಅನ್ನುವುದು ನನ್ನ ವಾದ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್‌ನ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಜಾಸ್ತಿ ಕಾಲ ಈ ಊರು ಒಬ್ಬ ಕಾರ್ಪೊರೇಟರ್ ಕೂಡ ಇಲ್ಲದೆ ನಡೆಯಿತು. ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ, 369 ವಾರ್ಡು. ಮುಂಚೆ 198 ಇದ್ದವು. 2011ರ ಜನಗಣತಿಯ 84 ಲಕ್ಷ ಹಿಡಿದು ಭಾಗಿಸಿದರೆ ವಾರ್ಡಿಗೆ 23 ಸಾವಿರ ಜನ. ಈಗಿನ ಜನಸಂಖ್ಯೆಗೆ ಅದು ಇನ್ನೂ ಜಾಸ್ತಿ, ಸರಿ. ಆದರೂ ಇದು ನಡೆದು ಮುಗಿಸಬಹುದಾದ ಅಳತೆ. ಒಬ್ಬ ಶಾಸಕ ಅಭ್ಯರ್ಥಿಗೆ ಲಕ್ಷಗಟ್ಟಲೆ ಮತದಾರರು. ಅಲ್ಲಿ ಜೀಪಿನ ಮೇಲೆ ನಿಂತು ಕೈ ಬೀಸುವುದು ಬಿಟ್ಟು ಬೇರೆ ದಾರಿ ಕಮ್ಮಿ. ವಾರ್ಡಿನ ಅಭ್ಯರ್ಥಿಗೆ ಆ ನೆಪ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕೇಳಿದ್ದಕ್ಕೆಲ್ಲ ‘ಮಾಡೋಣ’ ಅನ್ನುವ ವಾರ್ಡ್ ಅಭ್ಯರ್ಥಿ ಅರ್ಧ ಸುಳ್ಳು ಹೇಳುತ್ತಿದ್ದಾರೆ ಅಂತಲೇ ಲೆಕ್ಕ. ಪಿಎಫ್ ಕೇಂದ್ರದ್ದು. ಕನಿಷ್ಠ ಕೂಲಿ ನಿಗದಿ ರಾಜ್ಯದ ಕಾರ್ಮಿಕ ಇಲಾಖೆಯದ್ದು. ಬಸ್ ಬಿಎಂಟಿಸಿ, ನೀರು ಜಲಮಂಡಳಿ, ಎರಡೂ ಪಾಲಿಕೆ ಕೈಯಲ್ಲಿಲ್ಲ. ಹಾಗಾದರೆ ಉಳಿದದ್ದೇನು? ಬೇಕಾದಷ್ಟಿದೆ. ಫ್ಯಾಕ್ಟರಿಯಿಂದ ಬಸ್ ಸ್ಟಾಪಿನವರೆಗಿನ ರಸ್ತೆಯ ಬೀದಿದೀಪ. ಪೌರಕಾರ್ಮಿಕರ ಮಸ್ಟರಿಂಗ್ ಜಾಗದಲ್ಲಿ ಕುಡಿಯುವ ನೀರು, ಶೌಚಾಲಯ, ಬಟ್ಟೆ ಬದಲಾಯಿಸಲು ಒಂದು ರೂಮು.

ಬೀದಿ ವ್ಯಾಪಾರಿಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಅಲ್ಲಿ ಕಾನೂನು ಗಟ್ಟಿಯಿದೆ, ಜಾರಿ ಪೊಳ್ಳು. 2014ರ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಚುನಾಯಿತರಾಗಿ ಇರಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸರ್ವೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಆದರೂ ಜಾಗ ಖಾಲಿ ಮಾಡಿಸುವ ದಿನ ತಕ್ಕಡಿ, ಛತ್ರಿ, ಗಾಡಿ ಎಲ್ಲ ಲಾರಿ ಹತ್ತುತ್ತವೆ. ಹೂವಿನಮ್ಮನ ಹತ್ತಿರ ಮಲ್ಲಿಗೆ ತಗೊಂಡ ಅಭ್ಯರ್ಥಿಗೆ ಆ ಪ್ರಮಾಣಪತ್ರ ಇದ್ಯಾ ಅಂತ ಆಕೆಯನ್ನು ಕೇಳಲು ಒಂದು ನಿಮಿಷ ಸಾಕು.

ಸಂಘಟಿತರಾಗಿದ್ದರೆ ಕೇಳಿಸುವ ರೀತಿಯೇ ಬೇರೆ ಅನ್ನುವುದಕ್ಕೆ ಪೌರಕಾರ್ಮಿಕರನ್ನೇ ನೋಡಿ. ಗುತ್ತಿಗೆದಾರರ ಕೈಯಿಂದ ಬಿಡಿಸಿ ಪಾಲಿಕೆಯೇ ನೇರ ಸಂಬಳ ಕೊಡುವಂತಾಗಲು ವರ್ಷಗಟ್ಟಲೆ ಹೋರಾಟ. ಅದಾದ ಮೇಲೆ ಖಾಯಂ ಮಾಡಿ ಅಂತ 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟರು, ಊರು ನಾರಿತು, ಆಗಿನ ಬಿಜೆಪಿ ಸರ್ಕಾರ ಲಿಖಿತ ಭರವಸೆ ಕೊಟ್ಟಿತು. 2025ರ ಮೇ 1ಕ್ಕೆ ಕಾಂಗ್ರೆಸ್ ಸರ್ಕಾರ 12,692 ಜನರಿಗೆ ಖಾಯಂ ಆದೇಶ ಕೊಟ್ಟಿತು. ಭರವಸೆ ಕೊಟ್ಟವರು ಒಬ್ಬರು, ಪತ್ರ ಹಂಚಿದವರು ಇನ್ನೊಬ್ಬರು. ಎರಡೂ ಕಡೆಯವರನ್ನು ಬಿಡದೆ ಹಿಡಿದವರು ಅದೇ ಪೌರಕಾರ್ಮಿಕರು. ಕಸದ ಆಟೋ ಡ್ರೈವರ್, ಹೆಲ್ಪರ್‌ಗಳ ಪ್ರಶ್ನೆ ಮಾತ್ರ ಆಗ ಹಾಗೇ ಉಳಿಯಿತು. ಅವರನ್ನು ಯಾವ ಅಭ್ಯರ್ಥಿ ಹೋಗಿ ಕೇಳಿದರೂ ಮೊದಲ ಮಾತು ಅದೇ ಇರುತ್ತದೆ.

ನಿಮ್ಮ ವಾರ್ಡಿಗೆ ಬಂದವರನ್ನು ಅಳೆಯಲು ನಾನು ನೋಡುವುದು ಎರಡು ವಿಷಯ. ಒಂದು, ಯಾರಾದರೂ ಬರೆದುಕೊಳ್ಳುತ್ತಿದ್ದಾರಾ, ಬರೆದದ್ದನ್ನು ವಾಪಸ್ ಓದಿ ಹೇಳುತ್ತಾರಾ. ಎರಡು, ‘ಇದು ನನ್ನ ಕೈಲಾಗಲ್ಲ ಅಕ್ಕ, ಇದು ಲೇಬರ್ ಆಫೀಸಿನ ಕೆಲಸ, ಅಲ್ಲಿಗೆ ಜೊತೆಗೆ ಬರ್ತೀನಿ’ ಅಂತ ಒಂದು ಸಲವಾದರೂ ಹೇಳುತ್ತಾರಾ. ಆಗಲ್ಲ ಅನ್ನುವ ಅಭ್ಯರ್ಥಿಯನ್ನು ನಾನಂತೂ ಜಾಸ್ತಿ ನಂಬುತ್ತೇನೆ.

ಇನ್ನು ಮತದಾನದ ದಿನದ್ದೇ ಒಂದು ವಿಷಯ ಇದೆ, ಇದನ್ನು ಯಾವ ಪಕ್ಷದವರೂ ಎತ್ತಿದ್ದು ನಾನು ಕೇಳಿಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್ ಪ್ರಕಾರ ಮತದಾನದ ದಿನ ಸಂಬಳ ಸಮೇತ ರಜೆ, ದಿನಗೂಲಿಯವರಿಗೂ. ಕೊಡದ ಮಾಲೀಕರಿಗೆ ದಂಡ 500 ರೂಪಾಯಿವರೆಗೆ. ಆ ಮೊತ್ತ ನೋಡಿ ನಗಬೇಡಿ, ಕಾನೂನಿನಲ್ಲಿ ಇರುವುದೇ ಅಷ್ಟು. ಈ ಸೆಕ್ಷನ್ ಹೇಳುವುದು ಲೋಕಸಭೆ, ವಿಧಾನಸಭೆ ಚುನಾವಣೆಗೆ ಮಾತ್ರ. ಪಾಲಿಕೆ ಚುನಾವಣೆಗೆ ರಜೆ ಬೇಕಂದರೆ ರಾಜ್ಯ ಸರ್ಕಾರವೇ ಘೋಷಿಸಬೇಕು. ಘೋಷಿಸಿದರೂ ಡೆಲಿವರಿ ಹುಡುಗರಿಗೆ, ಕ್ಯಾಬ್ ಓಡಿಸುವವರಿಗೆ ಅದು ತಲುಪುವುದಿಲ್ಲ, ಯಾಕಂದರೆ ಕಂಪನಿಯ ಲೆಕ್ಕದಲ್ಲಿ ಅವರು ನೌಕರರಲ್ಲ, ‘ಪಾರ್ಟ್‌ನರ್’. ಎಲ್ಲರೂ ಮನೆಯಲ್ಲಿದ್ದು ಊಟ ತರಿಸಿಕೊಳ್ಳುವ ರಜಾ ದಿನ ಅವರಿಗೆ ಆರ್ಡರ್ ಜಾಸ್ತಿ, ಲಾಗಿನ್ ಬಿಟ್ಟರೆ ಇನ್ಸೆಂಟಿವ್ ಹೋಗುತ್ತದೆ. ಈಗ ಕಾಯ್ದೆಯೂ ಇದೆ, ಕಲ್ಯಾಣ ಮಂಡಳಿಯೂ ಇದೆ, ಕಾರ್ಮಿಕ ಸಚಿವರೇ ಅದರ ಅಧ್ಯಕ್ಷರು. ಮತದಾನದ ದಿನ ಎರಡು ಗಂಟೆ ಲಾಗೌಟ್ ಆದರೂ ಇನ್ಸೆಂಟಿವ್ ಕಡಿತ ಆಗಬಾರದು ಅಂತ ಆ ಮಂಡಳಿಗೆ ಒಂದು ಪುಟದ ಮನವಿ ಬರೆಯಲು ಯಾವ ಅಭ್ಯರ್ಥಿಗೂ ಗೆಲ್ಲುವವರೆಗೆ ಕಾಯಬೇಕಾಗಿಲ್ಲ.